ಥಾರ್ ಮರುಭೂಮಿಯಲ್ಲಿ ಕ್ಷೇತ್ರಾಧ್ಯಯನ: ಪುಣೆಯಿಂದ ಹೊರಡುವವರಿಗೆ ಕೈಪಿಡಿ

ಪುಣೆಯ ಕಾಲೇಜುಗಳಲ್ಲಿ ಭೂವಿಜ್ಞಾನ, ಪ್ರಾಣಿಶಾಸ್ತ್ರ ಅಥವಾ ಸೂಕ್ಷ್ಮಜೀವಿಶಾಸ್ತ್ರ ಓದುತ್ತಿರುವ ಕನ್ನಡದ ವಿದ್ಯಾರ್ಥಿಗಳಿಗೆ, ಅವರನ್ನು ಕರೆದೊಯ್ಯುವ ಅಧ್ಯಾಪಕರಿಗೆ ಮತ್ತು ಹವ್ಯಾಸಕ್ಕಾಗಿ ಹಕ್ಕಿ, ಕಲ್ಲು ನೋಡುವವರಿಗೆ ರಾಜಸ್ಥಾನದ ಥಾರ್ ಮರುಭೂಮಿಯಷ್ಟು ಕಲಿಸುವ ಪ್ರದೇಶ ದೇಶದಲ್ಲಿ ಹೆಚ್ಚು ಇಲ್ಲ. ಜುರಾಸಿಕ್ ಕಾಲದ ಮರದ ದಿಮ್ಮಿಗಳು, ಅಳಿವಿನಂಚಿನ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಮತ್ತು ಕಾಲುವೆಯ ನೀರಿನೊಡನೆ ಬಂದ ಮಲೇರಿಯಾ, ಈ ಮೂರೂ ಅಲ್ಲಿ ಜೈಸಲ್ಮೇರ್ ಎಂಬ ಒಂದೇ ಜಿಲ್ಲೆಯೊಳಗೆ ಅಧ್ಯಯನಕ್ಕೆ ಸಿಗುತ್ತವೆ. ಆದರೆ ಒಂಟೆ ಸವಾರಿಯ ಪ್ರವಾಸಕ್ಕೆ ಹೊರಟಂತೆ ಹೊರಟರೆ ಫೋಟೋಗಳ ರಾಶಿಯ ಹೊರತು ಬೇರೇನೂ ಕೈಗೆ ಬರುವುದಿಲ್ಲ. ಈ ಬರಹ ಅಧ್ಯಯನಕ್ಕೆಂದೇ ಹೋಗುವವರಿಗಾಗಿ.

ಮೂರು ವಿಷಯಗಳಿಗೂ ಸಲ್ಲುವ ಒಂದು ಅಭ್ಯಾಸವನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದನ್ನೇ ಆಧರಿಸಿದೆ. ಯಾವುದೇ ವಸ್ತು ಕಣ್ಣಿಗೆ ಬಿದ್ದಾಗ ಅದು ಏನು ಎಂಬುದಕ್ಕಿಂತ ಮುಂಚೆ ಎಲ್ಲಿತ್ತು, ಯಾವಾಗ ಕಂಡಿತು, ಯಾವುದರ ಪಕ್ಕದಲ್ಲಿತ್ತು ಎಂಬುದನ್ನು ಬರೆದುಕೊಳ್ಳಬೇಕು. ಯಾವ ಕಲ್ಲಿನ ಪದರದಿಂದ ಬಂದದ್ದೆಂದು ಗೊತ್ತಿಲ್ಲದ ಪಳೆಯುಳಿಕೆ, ಯಾವ ಕೆರೆಯ ದಡದಲ್ಲಿ ಎಂದು ಸತ್ತಿತ್ತೆಂದು ಗೊತ್ತಿಲ್ಲದ ಹಕ್ಕಿ, ಎಲ್ಲಿಗೆ ಹೋಗಿ ಬಂದ ಮೇಲೆ ಶುರುವಾಯಿತೆಂದು ಗೊತ್ತಿಲ್ಲದ ಜ್ವರ, ಇವು ಮೂರೂ ವಿಜ್ಞಾನಕ್ಕೆ ಸಮಾನವಾಗಿ ನಿಷ್ಪ್ರಯೋಜಕ. ಹೆಸರನ್ನು ತಜ್ಞರು ಆಮೇಲೆ ಹೇಳಬಲ್ಲರು, ಜಾಗವನ್ನು ಮಾತ್ರ ಕಂಡವರೇ ಹೇಳಬೇಕು.

ಪುಣೆಯಲ್ಲಿಯೇ ಮಾಡಬೇಕಾದ ತಯಾರಿ

ಪುಣೆಯಲ್ಲಿ ಬೆಳೆದ ಕಣ್ಣಿಗೆ ಕಲ್ಲೆಂದರೆ ಬಸಾಲ್ಟ್. ಸಿಂಹಗಡದಿಂದ ಪರ್ವತಿಯವರೆಗೆ ಕಾಣುವುದೆಲ್ಲ ಲಾವಾ ಹರಿದು ಗಟ್ಟಿಯಾದ ಕರಿಗಲ್ಲು. ಅದರ ಹರಿವುಗಳೊಳಗೆ ಪಳೆಯುಳಿಕೆ ಹುಡುಕುವುದು ವ್ಯರ್ಥ. ಜೈಸಲ್ಮೇರಿನಲ್ಲಿರುವುದು ನದಿ, ತೀರ ಮತ್ತು ಸಮುದ್ರದ ತಳದಲ್ಲಿ ಕಣಕಣವಾಗಿ ಕೂತ ಮರಳುಗಲ್ಲು ಹಾಗೂ ಸುಣ್ಣಕಲ್ಲು. ಆದ್ದರಿಂದ ಹೊರಡುವ ಮೊದಲು ಕಣ್ಣನ್ನು ಪದರು ಶಿಲೆಗೆ ಒಗ್ಗಿಸಿಕೊಳ್ಳಬೇಕು, ಅದಕ್ಕೆ ಬೇಕಾದ ಸಾಮಗ್ರಿ ಮನೆಯೊಳಗೇ ಇದೆ. ಪುಣೆಯ ಹಳೆಯ ವಾಡೆಗಳಲ್ಲಿ, ಅಡುಗೆಮನೆಯ ಕಟ್ಟೆಗಳಲ್ಲಿ ಕಾಣುವ ಬೂದುಬಣ್ಣದ ಶಹಾಬಾದ್ ಫರ್ಶಿ ನಮ್ಮ ಕಲಬುರಗಿ ಸೀಮೆಯ ಸುಣ್ಣಕಲ್ಲು. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಹಿಡಿದು ಅದರ ಅಂಚನ್ನು ನೋಡಿದರೆ ತೆಳುವಾದ ಪದರಗಳು ಕಾಣುತ್ತವೆ, ಚಿಪ್ಪುಗಳು ಕಾಣುವುದಿಲ್ಲ. ಏಕೆಂದರೆ ಸಾಮಾನ್ಯವಾಗಿ ಒಪ್ಪಿರುವಂತೆ ಆ ಕಲ್ಲು ಚಿಪ್ಪುಳ್ಳ ಪ್ರಾಣಿಗಳು ಸಮುದ್ರದಲ್ಲಿ ಹರಡುವುದಕ್ಕೆ ಮೊದಲೇ ಕೂತದ್ದು. ಆಮೇಲೆ ಕಲ್ಲಿನ ಅಂಗಡಿಯೊಂದಕ್ಕೆ ಹೋಗಿ ಜೈಸಲ್ಮೇರ್ ಹಳದಿ ಎಂಬ ಹೆಸರಿನಲ್ಲಿ ಮಾರುವ ಪಾಲಿಶ್ ಮಾಡಿದ ಹಾಸುಗಲ್ಲನ್ನು ಅದೇ ಕನ್ನಡಿಯಲ್ಲಿ ನೋಡಿ. ಎಷ್ಟೋ ಹಾಸುಗಲ್ಲುಗಳಲ್ಲಿ ಚಿಪ್ಪಿನ ಅಡ್ಡಕೊಯ್ತಗಳು ಸಣ್ಣ ಕಮಾನುಗಳಾಗಿ, ಅರ್ಧಚಂದ್ರಗಳಾಗಿ ಎದ್ದು ಕಾಣುತ್ತವೆ. ಎರಡೂ ಸುಣ್ಣಕಲ್ಲೇ, ನಡುವಿನ ವ್ಯತ್ಯಾಸ ಜೀವದ ಇತಿಹಾಸದ್ದು. ಈ ಎರಡು ಕಲ್ಲುಗಳನ್ನು ಒಂದು ಸಂಜೆ ಪಕ್ಕಪಕ್ಕದಲ್ಲಿಟ್ಟು ನೋಡಿದ ವಿದ್ಯಾರ್ಥಿ ಜೈಸಲ್ಮೇರಿನಲ್ಲಿ ಇತರರಿಗಿಂತ ಬೇಗ ಪಳೆಯುಳಿಕೆ ಗುರುತಿಸುತ್ತಾನೆಂಬುದು ನನ್ನ ಅನುಭವ.

ಪ್ರಾಣಿಗಳ ವಿಷಯದಲ್ಲಿ ತಾಲೀಮಿಗೆ ಪುಣೆ ಜಿಲ್ಲೆಯ ಪೂರ್ವ ಭಾಗವೇ ಸಾಕು. ಸಹ್ಯಾದ್ರಿಯ ಮಳೆ ನೆರಳಿನಲ್ಲಿರುವ ಬಾರಾಮತಿ ತಾಲೂಕಿನ ಸುಪೆ ಊರಿನ ಬಳಿ ಮಯೂರೇಶ್ವರ ಅಭಯಾರಣ್ಯವಿದೆ, ಅಲ್ಲಿ ಕಾಣುವ ಚಿಂಕಾರ ಎಂಬ ಹುಲ್ಲೆ ಥಾರ್‌ನಲ್ಲಿ ಕಾಣುವ ಅದೇ ಚಿಂಕಾರ. ಇಂದಾಪುರದ ಹುಲ್ಲುಗಾವಲುಗಳಲ್ಲಿ ತೋಳ, ನರಿ, ಕತ್ತೆಕಿರುಬಗಳನ್ನು ಅರಣ್ಯ ಇಲಾಖೆಯ ವ್ಯವಸ್ಥೆಯಲ್ಲಿಯೇ ನೋಡಬಹುದು. ಸೊಲ್ಲಾಪುರದ ಬಳಿಯ ನಾನ್ನಜ್ ಒಂದು ಕಾಲದಲ್ಲಿ ಎರೆಭೂತಕ್ಕೆ ಹೆಸರಾಗಿತ್ತು. ಇಂದು ಅಲ್ಲಿ ಆ ಹಕ್ಕಿ ಕಾಣುವುದು ತೀರ ಅಪರೂಪ, ಆದರೂ ಅದಕ್ಕೆ ಎಂತಹ ನೆಲ ಬೇಕೆಂಬುದು ಅಲ್ಲಿಗೆ ಹೋದರೆ ಅರ್ಥವಾಗುತ್ತದೆ. ಇಂತಹ ಬಯಲಿನಲ್ಲಿ ಎರಡು ಕೌಶಲ ರೂಢಿಸಿಕೊಳ್ಳಿ. ಒಂದು, ದೂರದ ಅಂದಾಜು: ಮರಗಳಿಲ್ಲದ ಬಯಲಿನಲ್ಲಿ ಇನ್ನೂರು ಮೀಟರ್ ಐವತ್ತರಂತೆ ತೋರುತ್ತದೆ. ಇನ್ನೊಂದು, ವಾಹನದಿಂದ ಇಳಿಯದೆ ನೋಡುವ ತಾಳ್ಮೆ.

ರೋಗಗಳ ವಿಷಯಕ್ಕೆ ಬಂದರೆ ಪುಣೆಯಷ್ಟು ಅನುಕೂಲದ ಊರು ಇನ್ನೊಂದಿಲ್ಲ. 1952ರಲ್ಲಿ ವೈರಸ್ ಸಂಶೋಧನಾ ಕೇಂದ್ರವಾಗಿ ಆರಂಭವಾದ ಇಲ್ಲಿನ ರಾಷ್ಟ್ರೀಯ ವೈರಾಣು ಸಂಸ್ಥೆಯೇ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಮಂಗನ ಕಾಯಿಲೆಯ ವೈರಸ್ಸನ್ನು ಗುರುತಿಸಿದ್ದು, 2011ರಲ್ಲಿ ಗುಜರಾತಿನಲ್ಲಿ ಕಾಣಿಸಿಕೊಂಡ ಕ್ರಿಮಿಯನ್ ಕಾಂಗೋ ರಕ್ತಸ್ರಾವ ಜ್ವರವನ್ನು ದೃಢಪಡಿಸಿದ್ದು. ಎರಡೂ ಉಣ್ಣೆಗಳಿಂದ ಹರಡುವ ರೋಗಗಳು. ಮೊದಲನೆಯದು ಮಲೆನಾಡಿನ ತೇವದ ಕಾಡಿನದು, ಎರಡನೆಯದರ ಉಣ್ಣೆ ಒಣ ನಾಡಿನ ದನ, ಕುರಿ, ಮೇಕೆ, ಒಂಟೆಗಳ ಮೇಲಿರುವಂಥದು. ಮಂಗನ ಕಾಯಿಲೆಯ ಕಥೆಯನ್ನು ಮನೆಯ ಹಿರಿಯರಿಂದ ಕೇಳಿ ತಿಳಿದ ಮಲೆನಾಡಿನ ಮಕ್ಕಳಿಗೆ ಥಾರ್‌ನ ಉಣ್ಣೆಗಳ ಬಗ್ಗೆ ಹೆಚ್ಚು ಎಚ್ಚರಿಕೆ ಹೇಳಬೇಕಾಗಿಲ್ಲ. ಆಕುರ್ಡಿಯಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಪಶ್ಚಿಮ ಪ್ರಾದೇಶಿಕ ಕೇಂದ್ರವಿದೆ. ಅಲ್ಲಿನ ಸಂಗ್ರಹ ನೋಡಬೇಕಾದರೆ ಕಾಲೇಜಿನ ಪತ್ರದೊಂದಿಗೆ ಮುಂಚಿತವಾಗಿ ಬರೆದು ಅನುಮತಿ ಕೇಳಿ.

ಅನುಮತಿಗಳು

ಇದು ಬೇಸರದ ಭಾಗ, ಆದರೆ ಇದನ್ನು ಬಿಟ್ಟು ಹೋದ ತಂಡಗಳು ದಾರಿಯಲ್ಲಿಯೇ ಹಿಂದಿರುಗಿವೆ. ಮರುಭೂಮಿ ರಾಷ್ಟ್ರೀಯ ಉದ್ಯಾನ ಜೈಸಲ್ಮೇರ್ ಮತ್ತು ಬಾಡಮೇರ್ ಜಿಲ್ಲೆಗಳಲ್ಲಿ 3,162 ಚದರ ಕಿಲೋಮೀಟರ್ ಹರಡಿಕೊಂಡಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದರೊಳಗೆ ಹೋಗಲು, ಚಿತ್ರ ತೆಗೆಯಲು, ಅಧ್ಯಯನ ಮಾಡಲು ಅರಣ್ಯ ಇಲಾಖೆಯ ಪರವಾನಗಿ ಬೇಕು. ಸುಮ್ಮನೆ ನೋಡಿ ಬರುವುದಕ್ಕೆ ಜೈಸಲ್ಮೇರಿನ ಕಚೇರಿಯ ಪರವಾನಗಿ ಸಾಕಾಗುತ್ತದೆ. ಮಾದರಿ ಸಂಗ್ರಹ ಎಂಬ ಮಾತು ಬಂದರೆ ವಿಷಯ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರವರೆಗೆ ಹೋಗುತ್ತದೆ, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಮೊದಲ ಸಲ ಹೋಗುವವರು ಮಾದರಿ ಸಂಗ್ರಹದ ಯೋಚನೆಯನ್ನೇ ಬಿಡುವುದು ಒಳ್ಳೆಯದು.

ಪಳೆಯುಳಿಕೆಗಳಿಗೆ ಸಂಬಂಧಿಸಿ ಭೂ ಪರಂಪರೆಯ ತಾಣಗಳ ರಕ್ಷಣೆಯ ಕರಡು ಮಸೂದೆಯೊಂದನ್ನು ಕೇಂದ್ರ ಸರ್ಕಾರ 2022ರಲ್ಲಿ ಪ್ರಕಟಿಸಿತು. ಕಾನೂನಿನ ಸ್ಥಿತಿ ಏನೇ ಇರಲಿ, ಸಂರಕ್ಷಿತ ತಾಣದಿಂದ ಒಂದು ಚೂರನ್ನೂ ಎತ್ತಬಾರದು, ಖಾಸಗಿ ಜಮೀನಿಗೆ ಅಥವಾ ಕಲ್ಲುಗಣಿಗೆ ಕಾಲಿಡುವ ಮೊದಲು ಮಾಲೀಕರನ್ನು ಕೇಳಬೇಕು. ರೋಗಗಳ ಬಗ್ಗೆ ಹಳ್ಳಿಯ ಜನರನ್ನು ಪ್ರಶ್ನಾವಳಿ ಹಿಡಿದು ಕೇಳುವುದಾದರೆ ಕಾಲೇಜಿನ ಅಥವಾ ಆಸ್ಪತ್ರೆಯ ನೈತಿಕತಾ ಸಮಿತಿಯ ಒಪ್ಪಿಗೆ ಕಡ್ಡಾಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯನ್ನು ಓದಿಕೊಂಡೇ ಅರ್ಜಿ ಬರೆಯಿರಿ. ರಕ್ತದ ಮಾದರಿ ಎಂಬ ಮಾತು ವಿದ್ಯಾರ್ಥಿಗಳ ಯೋಜನೆಯಲ್ಲಿ ಬರಲೇಕೂಡದು.

ಇದು ಅಂತರರಾಷ್ಟ್ರೀಯ ಗಡಿಯ ಪ್ರದೇಶ ಎಂಬುದನ್ನು ಮರೆಯಬೇಡಿ. ಗಡಿಗೆ ಹತ್ತಿರದ ಹಳ್ಳಿಗಳಿಗೆ ಹೋಗಲು ಜಿಲ್ಲಾಡಳಿತದ ಅನುಮತಿ ಬೇಕಾಗುತ್ತದೆ. ಡ್ರೋನ್ ಒಯ್ಯಬೇಡಿ. ವಿದೇಶದಿಂದ ನೆಂಟರು ತಂದುಕೊಟ್ಟ ಸ್ಯಾಟಲೈಟ್ ಫೋನ್ ಇದ್ದರೆ ಅದನ್ನು ಮನೆಯಲ್ಲಿಯೇ ಬಿಡಿ. ಪರವಾನಗಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧ.

ಹೊರಡುವ ಕಾಲ ಮತ್ತು ದಾರಿ

ನವೆಂಬರಿನಿಂದ ಫೆಬ್ರುವರಿಯವರೆಗೆ ಹೋಗಬೇಕು. ಹಗಲು ಹಿತವಾಗಿರುತ್ತದೆ, ರಾತ್ರಿ ಪುಣೆಯವರು ಎಣಿಸಿದ್ದಕ್ಕಿಂತ ಹೆಚ್ಚು ಚಳಿ ಇರುತ್ತದೆ. ಸೊಳ್ಳೆಗಳ ಅಧ್ಯಯನವೇ ಮುಖ್ಯವಾಗಿದ್ದರೆ ಮಾತ್ರ ಮಳೆ ನಿಂತ ಕೂಡಲೇ, ಅಂದರೆ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರಿನಲ್ಲಿ ಹೋಗಬೇಕಾಗುತ್ತದೆ. ಮುಂಬೈಯ ಬಾಂದ್ರಾ ಟರ್ಮಿನಸ್‌ನಿಂದ ಸೂರ್ಯನಗರಿ ಎಕ್ಸ್‌ಪ್ರೆಸ್ ಜೋಧಪುರಕ್ಕೆ ಹೋಗುತ್ತದೆ, ಅಲ್ಲಿಂದ ಜೈಸಲ್ಮೇರಿಗೆ ರೈಲೂ ಇದೆ, ಬಸ್ಸೂ ಇದೆ. ನೇರವಾಗಿ ಜೈಸಲ್ಮೇರಿಗೆ ಓಡದೆ ಜೋಧಪುರದಲ್ಲಿ ಒಂದೆರಡು ದಿನ ನಿಲ್ಲುವುದು ಒಳಿತು. 1959ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆ, ಪ್ರಾಣಿ ಸರ್ವೇಕ್ಷಣಾಲಯದ ಮರುಭೂಮಿ ಕೇಂದ್ರ, ಮರುಭೂಮಿ ವೈದ್ಯಕೀಯ ಸಂಶೋಧನಾ ಕೇಂದ್ರವಾಗಿ 1984ರಲ್ಲಿ ಆರಂಭವಾಗಿ ಈಗ ಬೇರೆ ಹೆಸರಿನಲ್ಲಿರುವ ಸಂಸ್ಥೆ, ಎಲ್ಲವೂ ಆ ಒಂದೇ ಊರಿನಲ್ಲಿವೆ.

ಗುರುತಿನ ಮರಗಳಿದ್ದರೆ ಹೊಸ ನೆಲ ಅಷ್ಟು ಅಪರಿಚಿತ ಎನಿಸುವುದಿಲ್ಲ. ಅಲ್ಲಿನವರು ಖೇಜಡಿ ಎಂದು ಪೂಜಿಸುವ ಮರ ನಮ್ಮ ಬನ್ನಿಯೇ. 1730ರಲ್ಲಿ ಜೋಧಪುರದ ಬಳಿಯ ಖೇಜಡ್ಲಿ ಎಂಬ ಊರಿನಲ್ಲಿ ಬಿಷ್ಣೋಯಿ ಪಂಥದ 363 ಮಂದಿ ಪ್ರಾಣ ಕೊಟ್ಟದ್ದು ಆ ಮರಗಳಿಗಾಗಿ. ರಸ್ತೆಯ ಪಕ್ಕದಲ್ಲೆಲ್ಲ ಹಬ್ಬಿರುವ ಮುಳ್ಳುಪೊದೆ ನಮ್ಮ ಬಳ್ಳಾರಿ ಜಾಲಿ, ಹೊರದೇಶದಿಂದ ಬಂದದ್ದು. ಒಂದು ಜಾಗದಲ್ಲಿ ಇವೆರಡರಲ್ಲಿ ಯಾವುದು ಹೆಚ್ಚಿದೆ ಎಂದು ಬರೆದುಕೊಂಡರೂ ಅದೊಂದು ಉಪಯುಕ್ತ ದಾಖಲೆಯೇ.

ಟಿಪ್ಪಣಿ ಪುಸ್ತಕ

ಫೋನಿನಲ್ಲಿ ಬರೆದುಕೊಳ್ಳುವವರು ಹೆಚ್ಚಿದ್ದಾರೆ. ನಾನು ಪೆನ್ಸಿಲ್ ಮತ್ತು ಗಟ್ಟಿ ರಟ್ಟಿನ ಪುಸ್ತಕದ ಪಕ್ಷಪಾತಿ. ಬಿಸಿಲಿನಲ್ಲಿ ಪರದೆ ಕಾಣುವುದಿಲ್ಲ, ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ. ಪ್ರತಿ ಪುಟದ ತಲೆಯಲ್ಲಿ ದಿನಾಂಕ, ಸಮಯ, ಹತ್ತಿರದ ಊರು, ಜಿಪಿಎಸ್ ಅಂಕಿ ಮತ್ತು ಆ ಅಂಕಿಯ ನಿಖರತೆ ಎಷ್ಟು ಮೀಟರಿನದು ಎಂಬುದು ಇರಬೇಕು. ಆ ಕೊನೆಯದನ್ನು ಹೆಚ್ಚಿನವರು ಬಿಡುತ್ತಾರೆ. ಮೂವತ್ತು ಮೀಟರಿನ ತಪ್ಪು ಕಲ್ಲುಗಳ ವಿಷಯದಲ್ಲಿ ಬೇರೆಯೇ ಒಂದು ಪದರಕ್ಕೆ ಕರೆದೊಯ್ಯಬಲ್ಲದು.

ಉದಾಹರಣೆಗೆ ಒಂದು ಕಲ್ಲಿನ ಟಿಪ್ಪಣಿ ಹೀಗಿರಬೇಕು: "ಹಳ್ಳದ ಎಡದಡ. ಕೆಳಗಿನಿಂದ ಮೇಲಕ್ಕೆ: ಕಂದು ಮರಳುಗಲ್ಲು ಮೊಣಕಾಲಿನವರೆಗೆ, ಅದರ ಮೇಲೆ ಹಳದಿ ಸುಣ್ಣಕಲ್ಲು ಎರಡು ಗೇಣು, ಮತ್ತೆ ಸಡಿಲ ಮರಳು. ಚಿಪ್ಪುಗಳು ಹಳದಿ ಪದರದಲ್ಲಿ ಮಾತ್ರ; ಹೆಚ್ಚಿನವು ಮುರಿದಿವೆ, ಬೋರಲಾಗಿ ಬಿದ್ದಿವೆ. ಕೆಳಗೆ ನೆಲದ ಮೇಲೆ ಬಿದ್ದಿರುವ ಚೂರುಗಳು ಎಲ್ಲಿಂದ ಉರುಳಿದವೋ ಗೊತ್ತಿಲ್ಲ." ಈ ಕೊನೆಯ ವಾಕ್ಯಕ್ಕೆ ಬಹಳ ಬೆಲೆಯಿದೆ. ಪದರದೊಳಗೆ ಕೂತಿರುವುದನ್ನೂ ಸಡಿಲವಾಗಿ ಬಿದ್ದಿರುವುದನ್ನೂ ಪ್ರತ್ಯೇಕವಾಗಿ ಬರೆಯದ ಟಿಪ್ಪಣಿಯನ್ನು ಯಾವ ಭೂವಿಜ್ಞಾನಿಯೂ ಬಳಸಲಾರ. ಫೋಟೋ ಮೂರು ದೂರಗಳಿಂದ ತೆಗೆಯಿರಿ: ಸುತ್ತಲಿನ ನೆಲ ಕಾಣುವಂತೆ ಒಂದು, ಪದರಗಳು ಕಾಣುವಂತೆ ಒಂದು, ಹತ್ತಿರದಿಂದ ಒಂದು. ಹತ್ತಿರದ ಚಿತ್ರದಲ್ಲಿ ಸೆಂಟಿಮೀಟರಿನ ಅಳತೆಪಟ್ಟಿ ಇರಬೇಕು. ನಾಣ್ಯ ಇಡುವ ರೂಢಿ ಬೇಡ. ನಮ್ಮ ನಾಣ್ಯಗಳ ಗಾತ್ರ ಬದಲಾಗುತ್ತಲೇ ಇದೆ, ಹತ್ತು ವರ್ಷದ ನಂತರ ನೋಡುವವರಿಗೆ ಅದು ಯಾವ ನಾಣ್ಯವೆಂದು ತಿಳಿಯದೆ ಹೋಗಬಹುದು.

ಪಳೆಯುಳಿಕೆಗಳು

ಮೊದಲು ಅಕಲ್‌ಗೆ ಹೋಗಿ. ಜೈಸಲ್ಮೇರಿನಿಂದ ಬಾಡಮೇರ್ ರಸ್ತೆಯಲ್ಲಿ ಸುಮಾರು 17 ಕಿಲೋಮೀಟರ್ ದೂರದಲ್ಲಿರುವ ಈ ಉದ್ಯಾನ 21 ಹೆಕ್ಟೇರ್ ವಿಸ್ತಾರದ್ದು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಒಂದು. ಸುಮಾರು 18 ಕೋಟಿ ವರ್ಷಗಳ ಹಿಂದಿನ ಮರಗಳು ಕಲ್ಲಾಗಿ ಬೋಳು ಗುಡ್ಡದ ಮೇಲೆ ಬಿದ್ದಿವೆ. ದೊಡ್ಡವಕ್ಕೆ ಕಬ್ಬಿಣದ ಜಾಲರಿಯ ಗೂಡು ಕಟ್ಟಿದ್ದಾರೆ. ದೂರದಿಂದ ನೋಡಿದರೆ ಕಟ್ಟಿಗೆ ಅಡ್ಡೆಯಲ್ಲಿ ಬಿಟ್ಟುಹೋದ ದಿಮ್ಮಿಗಳಂತೆ ಕಾಣುತ್ತವೆ. ಹತ್ತಿರ ಹೋಗಿ ಭೂತಗನ್ನಡಿ ಹಿಡಿದಾಗ ಮರದ ಎಳೆ ಉದ್ದಕ್ಕೂ ಹರಿದಿರುವುದು, ಅಡ್ಡಲಾಗಿ ಮುರಿದ ತುದಿಯಲ್ಲಿ ವೃತ್ತಗಳು ಮೂಡಿರುವುದು ಕಾಣುತ್ತದೆ. ಕೊಳೆಯುವ ಮೊದಲೇ ಮರಳಿನಡಿ ಹೂತುಹೋದ ಮರದೊಳಕ್ಕೆ ಸಿಲಿಕಾ ಕರಗಿದ್ದ ನೀರು ಇಳಿದು, ಜೀವಕೋಶಗಳ ಆಕಾರ ಕೆಡದಂತೆ ಅವುಗಳ ಜಾಗವನ್ನು ತುಂಬಿತು; ಇಂದು ಬೆರಳಿನಲ್ಲಿ ತಟ್ಟಿದರೆ ಕಲ್ಲಿನ ಸದ್ದು, ಕಣ್ಣಿಗೆ ಮರ. ಅಲ್ಲಿ ಮಾಡಬೇಕಾದ ಕೆಲಸವೊಂದಿದೆ. ಒಂದೊಂದು ದಿಮ್ಮಿಯೂ ಯಾವ ದಿಕ್ಕಿಗೆ ಮಲಗಿದೆ ಎಂಬುದನ್ನು ದಿಕ್ಸೂಚಿ ಹಿಡಿದು ಬರೆಯಿರಿ. ಹೆಚ್ಚಿನವು ಒಂದೇ ದಿಕ್ಕಿಗಿದ್ದರೆ ಹರಿಯುವ ನೀರು ಅವನ್ನು ಸಾಗಿಸಿ ತಂದಿರಬಹುದು ಎಂಬ ವಾದಕ್ಕೆ ಅದು ಆಧಾರ. ಆದರೆ ಸಂರಕ್ಷಣೆಗಾಗಿ ಸರಿಸಿಟ್ಟ ದಿಮ್ಮಿ ಯಾವುದು, ಮೂಲಸ್ಥಾನದಲ್ಲಿಯೇ ಇರುವುದು ಯಾವುದು ಎಂದು ಕಾವಲುಗಾರರನ್ನು ಕೇಳದೆ ಲೆಕ್ಕ ಹಾಕಬೇಡಿ. ಈಗ ವರ್ಷಕ್ಕೆ ಸರಾಸರಿ 200 ಮಿಲಿಮೀಟರಿಗೂ ಕಡಿಮೆ ಮಳೆ ಬೀಳುವ ನೆಲದಲ್ಲಿ ಇಷ್ಟು ದಪ್ಪದ ಮರಗಳಿದ್ದವೆಂಬುದೇ ಅಂದಿನ ಹವೆಯ ಬಗ್ಗೆ ಸಾಕಷ್ಟು ಹೇಳುತ್ತದೆ.

ಥೈಯಾತ್ ಊರಿನ ಬಳಿಯ ಮರಳುಗಲ್ಲಿನಲ್ಲಿ ಡೈನೊಸಾರ್ ಹೆಜ್ಜೆ ಗುರುತುಗಳು ವರದಿಯಾಗಿವೆ. ಒಂದು ಬಗೆಯದು ಸುಮಾರು 35 ಸೆಂಟಿಮೀಟರ್, ಇನ್ನೊಂದು ಬರೀ 5.5 ಸೆಂಟಿಮೀಟರ್. ಹೆಜ್ಜೆ ಗುರುತನ್ನು ನಡುಹಗಲಿನಲ್ಲಿ ಹುಡುಕಬಾರದು. ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ತಗ್ಗಿನ ಅಂಚಿಗೆ ನೆರಳು ಸಿಕ್ಕಿ ಆಕಾರ ಎದ್ದು ಕಾಣುತ್ತದೆ. ಅದರ ಮೇಲೆ ನೀರು ಸುರಿಯುವುದು, ಸೀಮೆಸುಣ್ಣದಿಂದ ಅಂಚು ಬರೆಯುವುದು ಬೇಡವೇ ಬೇಡ. ಜೇಠ್‌ವಾಯಿ ಊರಿನ ಬಳಿ ಸಿಕ್ಕ ಮೂಳೆಗಳಿಂದ ಸುಮಾರು 16.7 ಕೋಟಿ ವರ್ಷ ಹಳೆಯ, ಉದ್ದ ಕತ್ತಿನ ಸಸ್ಯಾಹಾರಿ ಡೈನೊಸಾರ್ ಒಂದನ್ನು ರೂರ್ಕಿಯ ಐಐಟಿ ಮತ್ತು ಭೂವೈಜ್ಞಾನಿಕ ಸರ್ವೇಕ್ಷಣಾಲಯದ ವಿಜ್ಞಾನಿಗಳು 2023ರಲ್ಲಿ ಥಾರೊಸಾರಸ್ ಇಂಡಿಕಸ್ ಎಂದು ಹೆಸರಿಸಿದರು. ಅದರ ಗುಂಪಿನಲ್ಲಿ ಈವರೆಗೆ ತಿಳಿದಿರುವುದರಲ್ಲಿ ಇದೇ ಅತ್ಯಂತ ಹಳೆಯದು ಎಂಬುದು ಅವರ ನಿರ್ಣಯ. 2021ರಲ್ಲಿ ಅದೇ ಪ್ರದೇಶದ ಸಮುದ್ರ ಶಿಲೆಗಳಿಂದ ಸ್ಟ್ರೊಫೋಡಸ್ ಜೈಸಲ್ಮೇರೆನ್ಸಿಸ್ ಎಂಬ ಹೊಸ ಶಾರ್ಕ್ ಜಾತಿ ಹಲ್ಲುಗಳ ಆಧಾರದ ಮೇಲೆಯೇ ವರದಿಯಾಯಿತು. ಒಂದೇ ಹಲ್ಲು ಹೊಸ ಸುದ್ದಿಯಾಗಬಲ್ಲ ನೆಲದಲ್ಲಿ ಅದನ್ನು ಜೇಬಿಗೆ ಹಾಕಿಕೊಳ್ಳುವವನು ಎಂತಹ ನಷ್ಟ ಮಾಡುತ್ತಾನೆಂಬುದನ್ನು ತಂಡದವರಿಗೆ ಹೊರಡುವ ಮೊದಲೇ ಮನದಟ್ಟು ಮಾಡಿಸಬೇಕು.

ಕಲ್ಲೋ ಮೂಳೆಯೋ ಎಂಬ ಅನುಮಾನ ಬಂದಾಗ ನಾಲಗೆಗೆ ತಾಗಿಸಿ ಅಂಟುತ್ತದೆಯೇ ನೋಡುವ ಹಳೆಯ ಪದ್ಧತಿಯೊಂದಿದೆ. ಕುರಿ ಮೇಕೆಗಳು ಓಡಾಡುವ ನೆಲದಲ್ಲಿ ಅದನ್ನು ಮಾಡಕೂಡದು. ಭೂತಗನ್ನಡಿಯಲ್ಲಿ ಸ್ಪಂಜಿನಂತಹ ಸಣ್ಣ ರಂಧ್ರಗಳ ಜಾಲ ಕಂಡರೆ ಮೂಳೆಯಿರಬಹುದು. ಅಗೆಯದೆ, ಚಿತ್ರ ಮತ್ತು ಜಾಗದ ವಿವರವನ್ನು ಜೈಪುರದಲ್ಲಿರುವ ಸರ್ವೇಕ್ಷಣಾಲಯದ ಪಶ್ಚಿಮ ವಲಯ ಕಚೇರಿಗೆ ಕಳಿಸಿ. ಧೂಳನ್ನೂ ಹಗುರವಾಗಿ ಕಾಣಬೇಡಿ. ಜೋಧಪುರದ ಮರಳುಗಲ್ಲು ಗಣಿಗಳ ಕಾರ್ಮಿಕರನ್ನು ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಕಾಡುತ್ತಿರುವುದು ಆ ಧೂಳಿನಿಂದಲೇ; ಕಲ್ಲು ಕೊಯ್ಯುವ ಕಡೆ ನಿಲ್ಲಬೇಕಾದರೆ ಬಟ್ಟೆಯ ಮಾಸ್ಕ್ ಸಾಲದು, ಎನ್95 ಬೇಕು.

ಹಾಬೂರ್ ಕಲ್ಲಿನ ಬಟ್ಟಲಿನಲ್ಲಿ ಹಾಲಿಟ್ಟರೆ ಹೆಪ್ಪಿಲ್ಲದೆ ಮೊಸರಾಗುತ್ತದೆ ಎಂದು ಜೈಸಲ್ಮೇರಿನ ಅಂಗಡಿಯವರು ಹೇಳುತ್ತಾರೆ. ಪಳೆಯುಳಿಕೆಗಳಿರುವ ಸುಂದರ ಸುಣ್ಣಕಲ್ಲು ಅದು ಎಂಬುದಂತೂ ನಿಜ. ಮೊಸರಿನ ಪ್ರಯೋಗವನ್ನು ಹೊಸದಾಗಿ ತೊಳೆದು ಕುದಿಸಿದ ಬಟ್ಟಲು ಮತ್ತು ಪಕ್ಕದಲ್ಲೊಂದು ಸ್ಟೀಲ್ ಬಟ್ಟಲು ಇಟ್ಟುಕೊಂಡು ಮಾಡುವುದು ಸೂಕ್ಷ್ಮಜೀವಿಶಾಸ್ತ್ರದ ವಿದ್ಯಾರ್ಥಿಗಳಿಗೆ ಬಿಟ್ಟದ್ದು.

ಬದುಕಿರುವ ಮತ್ತು ಸತ್ತ ಪ್ರಾಣಿಗಳು

ಎರೆಭೂತವನ್ನು ಅಲ್ಲಿ ಗೋಡಾವಣ್ ಎನ್ನುತ್ತಾರೆ, ಅದು ರಾಜಸ್ಥಾನದ ರಾಜ್ಯ ಪಕ್ಷಿ. ಈಗ ಉಳಿದಿರುವುದು ಹೆಚ್ಚೆಂದರೆ ನೂರೈವತ್ತರ ಆಸುಪಾಸು, ಹೆಚ್ಚಿನವು ಜೈಸಲ್ಮೇರಿನಲ್ಲಿಯೇ. ಹೆಣ್ಣು ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನು ಬರಿ ನೆಲದ ಮೇಲೆ ಇಡುತ್ತದೆ. ಭಾರವಾದ ಈ ಹಕ್ಕಿಗೆ ಮುಂದಿನ ದೃಷ್ಟಿ ಕಡಿಮೆ, ಹಾರುವಾಗ ವಿದ್ಯುತ್ ತಂತಿ ಕಂಡ ಮೇಲೆ ತಿರುಗಲು ಸಮಯ ಸಿಗುವುದಿಲ್ಲ. ಸೌರ ಮತ್ತು ಪವನ ವಿದ್ಯುತ್ತಿಗಾಗಿ ಎಳೆದ ತಂತಿಗಳ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2021ರಲ್ಲಿ ಒಂದು ಆದೇಶವೂ 2024ರಲ್ಲಿ ಅದರ ಮಾರ್ಪಾಡೂ ಬಂದವು. ಸಮ್ ಮತ್ತು ರಾಮದೇವರಾದಲ್ಲಿ ಸಂತಾನಾಭಿವೃದ್ಧಿ ಕೇಂದ್ರಗಳಿವೆ. ವಿದ್ಯಾರ್ಥಿ ತಂಡಕ್ಕೆ ಅಲ್ಲಿ ಇರುವ ಕೆಲಸ ಹಕ್ಕಿಯ ಬೆನ್ನುಹತ್ತುವುದಲ್ಲ. ರಸ್ತೆಯ ಪಕ್ಕದ ಒಂದು ನಿರ್ದಿಷ್ಟ ದೂರದವರೆಗೆ ತಂತಿಯ ಕೆಳಗೆ ನಡೆದು, ಯಾವ ಹಕ್ಕಿಗಳು ಸತ್ತು ಬಿದ್ದಿವೆ, ತಂತಿಗೆ ಎಚ್ಚರಿಕೆಯ ಬಿಲ್ಲೆ ಕಟ್ಟಿದ್ದಾರೆಯೇ, ಕಂಬಗಳ ಸಂಖ್ಯೆ ಯಾವುದು ಎಂದು ಬರೆಯುವುದು ಹೆಚ್ಚು ಉಪಯೋಗದ ಕೆಲಸ. ಏನೂ ಸಿಗದಿದ್ದರೆ ಅದನ್ನೂ ಬರೆಯಬೇಕು. ಸೊನ್ನೆಯೂ ಒಂದು ಮಾಹಿತಿ. ಎರೆಭೂತ ಕಂಡ ಜಾಗವನ್ನು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಾಕಬೇಡಿ. ಐನ್ಯಾಚುರಲಿಸ್ಟ್‌ನಂತಹ ತಾಣಗಳು ಅಪಾಯದಲ್ಲಿರುವ ಜೀವಿಗಳ ನಿಖರ ಜಾಗವನ್ನು ತಾವಾಗಿಯೇ ಮರೆಮಾಡುತ್ತವೆ, ಸ್ನೇಹಿತರ ಗುಂಪುಗಳು ಮಾಡುವುದಿಲ್ಲ.

ಸತ್ತ ಹಕ್ಕಿಗಳ ದಾಖಲೆಗೆ ಎಷ್ಟು ಬೆಲೆಯಿದೆ ಎಂಬುದು ಸಾಂಭರ್ ಸರೋವರದಲ್ಲಿ ಗೊತ್ತಾಯಿತು. 2019ರ ನವೆಂಬರಿನಲ್ಲಿ ಅಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ವಲಸೆ ಹಕ್ಕಿಗಳು ಸತ್ತವು. ಕಾರಣ ಬೊಟುಲಿಸಂ ಎಂದು ಬರೇಲಿಯ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆ ಕಂಡುಹಿಡಿಯಿತು. ಆಮ್ಲಜನಕವಿಲ್ಲದ ಕೊಳೆತ ಕೆಸರಿನಲ್ಲಿ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾ ವಿಷ ತಯಾರಿಸುತ್ತದೆ. ಸತ್ತ ಹಕ್ಕಿಯ ಮೈಯಲ್ಲಿ ಹುಳು ಬೀಳುತ್ತವೆ, ವಿಷ ಹುಳುಗಳಲ್ಲಿ ಸಂಗ್ರಹವಾಗುತ್ತದೆ ಆದರೆ ಅವನ್ನು ಕೊಲ್ಲುವುದಿಲ್ಲ, ಅವನ್ನು ತಿಂದ ಇನ್ನೊಂದು ಹಕ್ಕಿ ಸಾಯುತ್ತದೆ, ಅದರ ಮೈಯಲ್ಲಿ ಮತ್ತೆ ಹುಳು. ಹೀಗಾಗಿ ಹೆಣಗಳನ್ನು ಬೇಗ ತೆಗೆಯುವುದೇ ದೊಡ್ಡ ಚಿಕಿತ್ಸೆ. ಇದಕ್ಕೆ ಬದಲಾಗಿ 2021ರ ನವೆಂಬರಿನಲ್ಲಿ ಜೋಧಪುರ ಜಿಲ್ಲೆಯ ಕಾಪರಡಾದಲ್ಲಿ ಕುರ್ಜಾ (ಡೆಮೊಯ್ಸೆಲ್ ಕ್ರೇನ್) ಎಂಬ ವಲಸೆ ಹಕ್ಕಿಗಳು ಸತ್ತಾಗ ಕಾರಣ ಹಕ್ಕಿಜ್ವರವಾಗಿತ್ತು. ದೂರದಿಂದ ನೋಡುವವರಿಗೆ ಎರಡೂ ಒಂದೇ ರೀತಿ, ಎಡವಟ್ಟಾದರೆ ಪರಿಣಾಮ ಬೇರೆ ಬೇರೆ: ಹಕ್ಕಿಜ್ವರ ಮನುಷ್ಯರಿಗೆ ತಗಲಬಹುದು. ಆದ್ದರಿಂದ ಯಾವುದೇ ಸತ್ತ ಅಥವಾ ಕಾಯಿಲೆಯ ಹಕ್ಕಿಯನ್ನು ಮುಟ್ಟದೆ, ದೂರದರ್ಶಕದಲ್ಲಿ ನೋಡಿಯೇ ಬರೆಯಿರಿ: ಯಾವ ಜಾತಿಯವು ಎಷ್ಟು, ಬದುಕಿರುವವು ಕತ್ತು ಎತ್ತಲಾರದೆ ಜೋಲುಬಿದ್ದಿವೆಯೇ, ರೆಕ್ಕೆ ಎಳೆಯುತ್ತಿವೆಯೇ, ನೀರಿನ ಅಂಚಿನಿಂದ ಎಷ್ಟು ದೂರದಲ್ಲಿವೆ, ನೀರು ಇತ್ತೀಚೆಗೆ ಹಿಂದೆ ಸರಿದ ಗುರುತಿದೆಯೇ. ಬರೆದ ಕೂಡಲೇ ಅರಣ್ಯ ಇಲಾಖೆಯವರಿಗೆ ತಿಳಿಸಿ. ಫಲೋಡಿಯ ಬಳಿಯ ಖೀಚನ್‌ನಲ್ಲಿ ಚಳಿಗಾಲದಲ್ಲಿ ಊರಿನವರು ಕಾಳು ಹಾಕುವ ಜಾಗಕ್ಕೆ ಸಾವಿರಾರು ಕುರ್ಜಾಗಳು ಇಳಿಯುತ್ತವೆ; ಅಲ್ಲಿ ಹಾಕಿಕೊಂಡ ಬೂಟುಗಳನ್ನು ತೊಳೆದೇ ಮುಂದಿನ ಕೆರೆಗೆ ಹೋಗುವುದು ಸಭ್ಯತೆಯೂ ಹೌದು, ವಿಜ್ಞಾನವೂ ಹೌದು.

ಹಾವಿನ ವಿಷಯ. ಮರಳಿನಲ್ಲಿ ಮೈ ಹುದುಗಿಸಿಕೊಂಡು ಕೂರುವ ಗರಗಸ ಮಂಡಲ ಅಲ್ಲಿ ಸಾಮಾನ್ಯ. ಅದರ ಕಡಿತಕ್ಕೆ ನಮ್ಮಲ್ಲಿ ಸಿಗುವ ಪ್ರತಿವಿಷ ನಿರೀಕ್ಷಿಸಿದಷ್ಟು ಕೆಲಸ ಮಾಡದ ಪ್ರಕರಣಗಳನ್ನು ಜೋಧಪುರದ ವೈದ್ಯರು ವರದಿ ಮಾಡಿದ್ದಾರೆ. ಕಣಕಾಲು ಮುಚ್ಚುವ ಬೂಟು, ಸಂಜೆಯ ನಂತರ ಟಾರ್ಚು, ಕಲ್ಲಿನ ಕೆಳಗೆ ಕೈ ಹಾಕದಿರುವುದು, ಈ ಮೂರರಲ್ಲಿ ರಾಜಿ ಇಲ್ಲ.

ರೋಗಗಳು: ನೀರನ್ನು ನೋಡುವುದು

ಮರುಭೂಮಿಯಲ್ಲಿ ಮಲೇರಿಯಾ ಎಂದರೆ ಮೊದಲು ನಂಬಿಕೆ ಬರುವುದಿಲ್ಲ. ಪಂಜಾಬಿನ ಹರಿಕೆಯಿಂದ ನೀರು ತರುವ, 1958ರಲ್ಲಿ ಕಾಮಗಾರಿ ಆರಂಭವಾದ ಇಂದಿರಾ ಗಾಂಧಿ ಕಾಲುವೆ ಜೈಸಲ್ಮೇರಿನವರೆಗೆ ಹಸಿರು ತಂದಿತು, ಜೊತೆಗೆ ಸೋರುವ ನೀರಿನ ಹೊಂಡಗಳನ್ನೂ ತಂದಿತು. 1994ರಲ್ಲಿ ಭಾರಿ ಮಳೆಯೂ ಸೇರಿಕೊಂಡು ಪಶ್ಚಿಮ ರಾಜಸ್ಥಾನದಲ್ಲಿ ಮಾರಕ ಫಾಲ್ಸಿಪಾರಂ ಮಲೇರಿಯಾ ದೊಡ್ಡದಾಗಿ ಹಬ್ಬಿತು. ಕಾಲುವೆ ಮುಟ್ಟದ ಹಳ್ಳಿಗಳಲ್ಲಿಯೂ ಸೊಳ್ಳೆಗೆ ಜಾಗವಿದೆ: ಮಳೆನೀರು ಹಿಡಿದಿಡುವ ಟಾಂಕಾ ಎಂಬ ನೆಲದೊಳಗಿನ ತೊಟ್ಟಿಗಳಲ್ಲಿ ಅನಾಫಿಲಿಸ್ ಸ್ಟೆಫೆನ್ಸಿ ಎಂಬ ಸೊಳ್ಳೆ ಮೊಟ್ಟೆ ಇಡುತ್ತದೆ. ಮುಂಬೈಯಲ್ಲಿ ಕಟ್ಟಡಗಳ ಮೇಲಿನ ತೊಟ್ಟಿಗಳಲ್ಲಿ ಬೆಳೆದು ಮಲೇರಿಯಾ ಹರಡುವುದೂ ಇದೇ ಸೊಳ್ಳೆ.

ಮನೆಯವರ ಒಪ್ಪಿಗೆ ಪಡೆದು, ಶುಚಿಯಾದ ಬಿಳಿ ಸೌಟಿನಂತಹ ಉದ್ದ ಹಿಡಿಯ ಪಾತ್ರೆಯಿಂದ ತೊಟ್ಟಿಯ ಅಂಚಿನ ನೀರನ್ನು ನೆರಳು ಬೀಳದಂತೆ ಮೆಲ್ಲಗೆ ತೆಗೆಯಿರಿ. ಸ್ವಲ್ಪ ಹೊತ್ತು ಅಲುಗಾಡಿಸದೆ ಕಾಯಿರಿ. ಗಾಬರಿಯಾಗಿ ತಳಕ್ಕೆ ಇಳಿದ ಲಾರ್ವಾಗಳು ಉಸಿರಿಗಾಗಿ ಮೇಲೆ ಬರುತ್ತವೆ. ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಚಪ್ಪಟೆ ಮಲಗಿದರೆ ಅದು ಅನಾಫಿಲಿಸ್, ಮಲೇರಿಯಾದ ಕುಲ. ಬಾಲದ ತುದಿಯ ಕೊಳವೆಯನ್ನು ಮೇಲ್ಮೈಗೆ ತಾಗಿಸಿ ತಲೆಕೆಳಗಾಗಿ ಓರೆಯಾಗಿ ತೂಗಿದರೆ ಕ್ಯುಲೆಕ್ಸ್ ಅಥವಾ ಈಡಿಸ್. ಈ ಒಂದು ವ್ಯತ್ಯಾಸವನ್ನು ಬರಿಗಣ್ಣಿನಲ್ಲಿಯೇ ನೋಡಬಹುದು. ಎಷ್ಟು ಸಲ ಮುಳುಗಿಸಿದಿರಿ, ಎಷ್ಟು ಸಲ ಲಾರ್ವಾ ಸಿಕ್ಕಿತು, ತೊಟ್ಟಿಗೆ ಮುಚ್ಚಳ ಇತ್ತೇ, ಮೀನು ಬಿಟ್ಟಿದ್ದರೇ ಎಂದು ಬರೆಯಿರಿ. ಕುಡಿಯುವ ನೀರು ಅದು, ಕೈ ಅದ್ದಬೇಡಿ. ಆ ಮನೆಯವರ ಇಡೀ ವರ್ಷದ ಆಸರೆ ಅದಾಗಿರಬಹುದು.

ನೀರಿನ ಇನ್ನೊಂದು ರೋಗದ ನೆನಪು ವಿಜಯಪುರ, ಕಲಬುರಗಿ, ರಾಯಚೂರು ಕಡೆಯ ಹಿರಿಯರಿಗೆ ಇರಬಹುದು: ನಾರುಹುಣ್ಣು. ಮೆಟ್ಟಿಲು ಬಾವಿಯ ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಕಿರುಜೀವಿಯ ಮೂಲಕ ಮನುಷ್ಯನ ಹೊಟ್ಟೆ ಸೇರಿದ ಹುಳು ಸುಮಾರು ಒಂದು ವರ್ಷದ ಮೇಲೆ ಕಾಲಿನಿಂದ ಹೊರಬರುತ್ತಿತ್ತು. ಭಾರತದ ಕೊನೆಯ ಪ್ರಕರಣ 1996ರ ಜುಲೈಯಲ್ಲಿ ದಾಖಲಾದದ್ದು ಜೋಧಪುರ ಜಿಲ್ಲೆಯಲ್ಲಿಯೇ, 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶವನ್ನು ರೋಗಮುಕ್ತವೆಂದು ಪ್ರಮಾಣೀಕರಿಸಿತು. ಯಾವುದೇ ಲಸಿಕೆಯಿಲ್ಲದೆ, ಬಟ್ಟೆಯಲ್ಲಿ ನೀರು ಸೋಸುವುದು, ಬಾವಿಗೆ ಇಳಿಯದಂತೆ ಮಾಡುವುದು, ಒಬ್ಬೊಬ್ಬ ರೋಗಿಯನ್ನೂ ಜಾಗ ಸಹಿತ ಬರೆದಿಡುವುದು, ಇಷ್ಟರಿಂದಲೇ ಅದು ಆಯಿತು. ಥಾರ್‌ನ ಹಳೆಯ ಬಾವಡಿಗಳನ್ನು ನೋಡುವಾಗ ಊರಿನ ಹಿರಿಯರ ಬಳಿ ಈ ಮಾತು ತೆಗೆಯಿರಿ, ಮಾತು ತಾನಾಗಿ ಬೆಳೆಯುತ್ತದೆ.

ಕುರಿಗಾಹಿಗಳೊಡನೆ, ಒಂಟೆಗಳ ಪಕ್ಕದಲ್ಲಿ ಕಳೆದ ದಿನ ರಾತ್ರಿ ಮೈಯೆಲ್ಲ ಉಣ್ಣೆ ಇದೆಯೇ ನೋಡಿಕೊಳ್ಳಬೇಕು. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿ ನಡೆಯಿರಿ, ಬಟ್ಟೆ ತಿಳಿ ಬಣ್ಣದ್ದಿರಲಿ. ಉಣ್ಣೆ ಕಚ್ಚಿದ್ದರೆ ಬೆರಳಲ್ಲಿ ಹಿಸುಕದೆ, ಸೀಮೆಎಣ್ಣೆ ಹಚ್ಚದೆ, ಸಣ್ಣ ಚಿಮಟದಿಂದ ಚರ್ಮಕ್ಕೆ ಹತ್ತಿರವಾಗಿ ಹಿಡಿದು ನೇರವಾಗಿ ಎಳೆಯಿರಿ, ದಿನಾಂಕ ಬರೆದಿಡಿ. ಬಿಕಾನೇರಿನಲ್ಲಿ ಮರಳು ನೊಣಗಳಿಂದ ಹರಡುವ ಚರ್ಮದ ಲೀಶ್ಮೇನಿಯಾಸಿಸ್ ಇದೆ. ವಾರಗಟ್ಟಲೆ ಮಾಯದ ಹುಣ್ಣು ಅದರ ಲಕ್ಷಣ. ನೆಲದ ಮೇಲೆ ಮಲಗದೆ, ಸಣ್ಣ ಕಣ್ಣಿನ ಸೊಳ್ಳೆಪರದೆಯೊಳಗೆ ಮಲಗುವುದು ಎರಡಕ್ಕೂ ರಕ್ಷಣೆ.

ಹಿಂದಿರುಗಿದ ಮೇಲೆ

ರೈಲಿನಲ್ಲಿ ಕೂತಾಗಲೇ ಫೋಟೋಗಳಿಗೆ ಪುಟದ ಸಂಖ್ಯೆ ಕೊಟ್ಟುಬಿಡಿ, ಪುಣೆಗೆ ಬಂದು ಮಾಡುತ್ತೇವೆಂದರೆ ಆಗುವುದಿಲ್ಲ. ಟಿಪ್ಪಣಿ ಪುಸ್ತಕವನ್ನು ತಿದ್ದಿ ಬರೆಯಬೇಡಿ, ಇದ್ದ ಹಾಗೆಯೇ ಸ್ಕ್ಯಾನ್ ಮಾಡಿ. ಹಕ್ಕಿಗಳ ಪಟ್ಟಿಯನ್ನು ಈಬರ್ಡ್ ಜಾಲತಾಣಕ್ಕೆ, ಕಲ್ಲಿನ ಟಿಪ್ಪಣಿಯನ್ನು ಭೂವೈಜ್ಞಾನಿಕ ಸರ್ವೇಕ್ಷಣಾಲಯಕ್ಕೆ, ತಂತಿಯ ಕೆಳಗಿನ ಲೆಕ್ಕವನ್ನು ಅರಣ್ಯ ಇಲಾಖೆಗೆ ಕಳಿಸಿ. ಸಾಧ್ಯವಾದರೆ ಸಾರಾಂಶವನ್ನು ಹಿಂದಿಯಲ್ಲಿ ಬರೆದು, ತೊಟ್ಟಿ ತೋರಿಸಿದ ಹಳ್ಳಿಯ ಪಂಚಾಯಿತಿಗೂ ಒಂದು ಪ್ರತಿ ತಲುಪಿಸಿ; ಇದನ್ನು ಮಾಡುವ ತಂಡಗಳು ಕಡಿಮೆ, ಮಾಡಿದವರಿಗೆ ಮುಂದಿನ ವರ್ಷ ಬಾಗಿಲು ತೆರೆದೇ ಇರುತ್ತದೆ.

ಜ್ವರ ಬಂದರೆ ಪುಣೆಯ ವೈದ್ಯರು ಮೊದಲು ಡೆಂಗಿಯನ್ನೇ ಯೋಚಿಸುವ ಸಾಧ್ಯತೆ ಹೆಚ್ಚು. ಯಾವ ದಿನಗಳಲ್ಲಿ ಯಾವ ಜಿಲ್ಲೆಯಲ್ಲಿದ್ದಿರಿ, ಉಣ್ಣೆ ಕಚ್ಚಿತ್ತೇ, ಜಾನುವಾರುಗಳನ್ನು ಅಥವಾ ಸತ್ತ ಹಕ್ಕಿಗಳನ್ನು ಹತ್ತಿರದಿಂದ ನೋಡಿದ್ದಿರೇ ಎಂಬುದನ್ನು ನೀವೇ ಮುಂದಾಗಿ ಹೇಳಿ, ಟಿಪ್ಪಣಿ ಪುಸ್ತಕವನ್ನೂ ಒಯ್ಯಿರಿ. ಕಾಂಗೋ ಜ್ವರ ಬರುವುದಿದ್ದರೆ ಸಾಮಾನ್ಯವಾಗಿ ಎರಡು ವಾರದೊಳಗೆ, ಫಾಲ್ಸಿಪಾರಂ ಮಲೇರಿಯಾ ಒಂದರಿಂದ ನಾಲ್ಕು ವಾರದೊಳಗೆ ಕಾಣಿಸಿಕೊಳ್ಳುತ್ತದೆ. ವೈವಾಕ್ಸ್ ಮಲೇರಿಯಾ ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ನಂತರವೂ ಬರಬಹುದಾದ್ದರಿಂದ, ಮುಂದಿನ ಮಳೆಗಾಲದ ಜ್ವರಕ್ಕೆ ವೈದ್ಯರ ಬಳಿ ಹೋದಾಗಲೂ ಥಾರ್‌ಗೆ ಹೋಗಿ ಬಂದದ್ದನ್ನು ಹೇಳುವುದು ಬಿಡಬೇಡಿ.